ಛತ್ರಿಯಡಿ ಒಬ್ಬರಿಗೆ ಜಾಗ

ಅಕ್ಟೋಬರ್ ೧೨, ೧೯೯೯, ಮಂಗಳವಾರ

ರಕ್ತದೊತ್ತಡದ ಡಾಕ್ಟರು ಹೇಳಿದ್ದಕ್ಕೆ ಈ ಪುಸ್ತಕ ಕೊಂಡೆ. "ಸಿಟ್ಟು ಬಂದಾಗ ಕಿರುಚಬೇಡಿ ಮದಾಮ್ ಜುಮಾನಾ, ಮನೆಗೆ ಹೋಗಿ ಬರೆದು ಹಾಕಿ" ಅಂದರು. ನನ್ನ ಕೆಲಸ ಏನೆಂದು ಗೊತ್ತಿದ್ದರೆ ಇನ್ನೂ ದಪ್ಪನೆಯ ಪುಸ್ತಕ ತಗೊಳ್ಳಿ ಅಂತಲೂ ಹೇಳುತ್ತಿದ್ದರು.

ಅಂಚೆಚೀಟಿ ಆಯ್ಕೆ ಸಮಿತಿಯ ಸಭೆ ಇವತ್ತೂ ಮುರಿದುಬಿತ್ತು. ನಾನು ಅದರ ಕಾರ್ಯದರ್ಶಿ. ದೇಶಕ್ಕೆ ಹೆಸರು ತಂದ ಒಬ್ಬ ಮನುಷ್ಯನನ್ನು ಆರಿಸಿ ಅವನ ಮುಖವನ್ನು ಹೊಸ ಅಂಚೆಚೀಟಿಯ ಮೇಲೆ ಅಚ್ಚುಹಾಕಿಸಬೇಕು, ಇಷ್ಟೇ ಕೆಲಸ. ಮೂರು ವರ್ಷದಿಂದ ಆಗಿಲ್ಲ. ಒಬ್ಬರ ಹೆಸರು ಎತ್ತಿದ ಕೂಡಲೇ, ಅವರು ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ಯಾವ ಪಂಗಡದವರು, ಹೋದ ಸಲ ಯಾರ ಸರದಿಯಾಗಿತ್ತು, ಈ ಸಲ ಯಾರದ್ದು, ಇದೇ ಜಗಳ. ಇವತ್ತು ಒಬ್ಬ ಪಿಟೀಲುವಾದಕನ ಹೆಸರು ಬಂತು. ಪಿಟೀಲಿನ ಮಾತೇ ಬರದೆ ಅವನ ಮುತ್ತಜ್ಜಿಯ ತವರೂರಿನ ಮೇಲೆ ಒಂದು ಗಂಟೆ ಕಿತ್ತಾಡಿದರು.

ಪಂಗಡ ಪಂಗಡಗಳ ಯುದ್ಧ ಮುಗಿದು ಒಂಬತ್ತು ವರ್ಷವಾಯಿತು. ಬೈರೂತಿನ ಬೀದಿಗಳಲ್ಲಿ ಗಾಜು ಗುಡಿಸಿ ಆಯಿತು. ಈ ಮೇಜಿನ ಮೇಲಿನದ್ದನ್ನು ಗುಡಿಸುವವರು ಯಾರು?

ಮಾರ್ಚಿನಲ್ಲಿ ನಿವೃತ್ತಿ. ಅಷ್ಟರೊಳಗೆ ಒಂದು, ಒಂದೇ ಒಂದು ಚೀಟಿ ಹೊರಬಂದು, ಇದು ನಾನು ಮಾಡಿಸಿದ್ದು ಅಂತ ಎದೆ ತಟ್ಟಿಕೊಂಡು ಹೋಗಬೇಕು. ಅದಿಲ್ಲದಿದ್ದರೆ ಈ ಕಚೇರಿಯಲ್ಲಿ ಇಡೀ ಆಯುಸ್ಸು ಕಾಫಿಲೋಟ ಎಣಿಸಿದ ಹಾಗೇ ಲೆಕ್ಕ.

ಒಂದು ನಿಯಮ ಮಾಡಿಕೊಂಡಿದ್ದೇನೆ. ಈ ಪುಸ್ತಕದಲ್ಲಿ ಯಾವ ಪಂಗಡದ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ ಸೇರಿಸಿ. ಕಚೇರಿಯಲ್ಲಿ ಬೆಳಗಿನಿಂದ ಅದನ್ನೇ ಕೇಳಿ ಕಿವಿ ತೂತುಬಿದ್ದಿದೆ, ಮನೆಯಲ್ಲೂ ಅದಕ್ಕೆ ಕುರ್ಚಿ ಹಾಕಲಾರೆ.

ಹೊರಗೆ ಮಳೆಯೋ ಬಿಸಿಲೋ ನೋಡಿಲ್ಲ. ನೋಡಿ ನನಗೇನಾಗಬೇಕು.

ಅಕ್ಟೋಬರ್ ೧೫, ಶುಕ್ರವಾರ

ಸಿಕ್ಕ! ಸಿಕ್ಕಿಬಿಟ್ಟ!

ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಐದು ಜನ ಒತ್ತಿಕೊಂಡು ಕೂತಿದ್ದೆವು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಆಕಾಶ ನೋಡಿ, "ಥೂ, ಬಟ್ಟೆ ಒಣಗಿಸೋದೋ ಬೇಡ್ವೋ ಅಂತ ಹೇಳೋಕೂ ಈಗ ಒಬ್ಬ ಗಂಡಸಿಲ್ಲ ಈ ದೇಶದಲ್ಲಿ. ಅದೀಬ್ ಇದ್ದಿದ್ರೆ ಹೇಳ್ತಿದ್ದ" ಅಂದ. ಕಾರಿನಲ್ಲಿದ್ದವರೆಲ್ಲ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಐದು ಜನ, ಐದು ಕಡೆಯವರು, ನಿಟ್ಟುಸಿರು ಮಾತ್ರ ಒಂದೇ.

ಅದೀಬ್ ಹಲಬಿ. ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದವನು. ಯುದ್ಧದ ಕಾಲದಲ್ಲಿ ಒಂದೊಂದು ಬೀದಿಗೂ ಒಂದೊಂದು ರೇಡಿಯೋ, ಪ್ರತಿಯೊಂದಕ್ಕೂ ಅದರದೇ ದೇಶ. ಇವನೊಬ್ಬ ಮಾತ್ರ ದಿನಾ ಬೆಳಿಗ್ಗೆ ಉತ್ತರದ ಟ್ರಿಪೋಲಿಯಿಂದ ಶುರುಮಾಡಿ ಬೈರೂತ್, ಬೆಟ್ಟ, ಬಿಕಾ ಕಣಿವೆ, ಸೈದಾ, ದಕ್ಷಿಣದ ಟೈರ್‌ವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಯಾರ ಗಡಿಯಲ್ಲೂ ಅವನ ಮೋಡ ನಿಲ್ಲುತ್ತಿರಲಿಲ್ಲ. ಕೊನೆಗೆ ದಿನವೂ ಒಂದೇ ಮಾತು: "ಛತ್ರಿ ಇರುವವರು ಸ್ವಲ್ಪ ಸರಿದು ಒಬ್ಬರಿಗೆ ಜಾಗ ಕೊಡಿ."

ಯಾವ ಊರಿನವರು ಅಂತ ಯಾರಾದರೂ ಕೇಳಿದರೆ "ಮೋಡದ ಕೆಳಗಿನವನು" ಅನ್ನುತ್ತಿದ್ದನಂತೆ. ಯಾವ ಪಂಗಡ ಅಂತ ಯಾರಿಗೂ ಗೊತ್ತಿಲ್ಲ. ಹೆಸರಿನಿಂದ ಹೇಳಲಾಗುವುದಿಲ್ಲ, ಅದೀಬ್‌ಗಳೂ ಹಲಬಿಗಳೂ ಎಲ್ಲರಲ್ಲೂ ಇದ್ದಾರೆ.

ಅಕ್ಟೋಬರ್ ೨೬, ಮಂಗಳವಾರ

ಒಪ್ಪಿದರು. ಐದೂ ಜನ. ಅಧ್ಯಕ್ಷರಾದ ಹಿಕ್ಮತ್ ಬೇ, ನಿವೃತ್ತ ನ್ಯಾಯಾಧೀಶರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಯುದ್ಧದಲ್ಲಿ ನಾನು ಬೆಳಿಗ್ಗೆ ಏಳ್ತಿದ್ದದ್ದೇ ಆ ದನಿ ಕೇಳೋಕೆ ಕಣ್ರೀ" ಅಂದರು. ಹೆಣ್ಣುಮಕ್ಕಳ ಶಾಲೆ ನಡೆಸುವ ಮದಾಮ್ ಸುಆದ್ ಅವನ ದನಿಯನ್ನು ಅಣಕಿಸಿ ತೋರಿಸಿದರು. ಯಾರು ಹೇಳಿದ್ದಕ್ಕೂ ತಲೆಯಾಡಿಸುವ ಇಬ್ಬರು ಇದಕ್ಕೂ ಆಡಿಸಿದರು. ನನಗೆ ಕುಣಿಯುವುದೊಂದು ಬಾಕಿ.

ಆಮೇಲೆ ಕಾಫಿ ಬಂತು. ಐದನೆಯ ಸದಸ್ಯರು, ಹಲ್ಲಿನ ಡಾಕ್ಟರು ವಜೀಹ್, ಸಕ್ಕರೆ ಕಲಸುತ್ತಾ, ಏನೂ ಅಲ್ಲವೆಂಬ ಹಾಗೆ ಕೇಳಿದರು, "ಅಂದಹಾಗೆ, ಅವನು ಯಾರ ಪೈಕಿ?"

"ಯಾರಿಗೂ ಗೊತ್ತಿಲ್ಲ ಡಾಕ್ಟ್ರೇ, ಅದಕ್ಕೇ ತಾನೆ ಒಪ್ಪಿದ್ದು" ಅಂದೆ.

"ಹೌದೌದು, ಒಪ್ಪಿದ್ದಾಯ್ತು. ಸುಮ್ನೆ ತಿಳ್ಕೊಳೋಕೆ ಕೇಳ್ದೆ."

"ಅವನ ಪಂಗಡ ಬರೆದಿಟ್ಟ ದಾಖಲೆ ಕಚೇರಿಯೇ ಸುಟ್ಟುಹೋಗಿದೆಯಂತೆ" ಅಂದರು ಮದಾಮ್ ಸುಆದ್. ಅಂದರೆ ಇವರೂ ಆಗಲೇ ವಿಚಾರಿಸಿದ್ದಾರೆ! ಕಾಫಿಗೆ ಮುಂಚೆಯೋ ಆಮೇಲೋ?

ಮನೆಗೆ ಬರುವಾಗ ಮೋಡ ಇತ್ತು ಅನ್ನಿಸುತ್ತದೆ.

ನವೆಂಬರ್ ೪, ಗುರುವಾರ

ಮೊದಲ ಮಳೆ. ಚರಂಡಿ ಉಕ್ಕಿ ಬೀದಿ ತುಂಬಾ ಕೊಳಕು ನೀರು.

ಚಿತ್ರಕಾರನಿಗೆ ಫೋಟೋ ಬೇಕಿತ್ತು. ಅದೀಬ್‌ನ ತಂಗಿ ಅಫೀಫಾ ಬದುಕಿದ್ದಾಳೆಂದು ಗೊತ್ತಾಗಿ ಹುಡುಕಿಕೊಂಡು ಹೋದೆ. ಮದುವೆಯಾಗಿಲ್ಲ, ಒಂಟಿ. ಮಾರುಕಟ್ಟೆ ಹಿಂದಿನ ಹಳೇ ಕಟ್ಟಡದಲ್ಲಿ ನಾಲ್ಕನೇ ಮಹಡಿಯ ಮನೆ. ಕರೆಂಟಿಲ್ಲ, ಲಿಫ್ಟಿಲ್ಲ. ಬಾಗಿಲು ತೆಗೆದವಳು ನನ್ನ ಏದುಸಿರು ಕೇಳಿ, "ಸರ್ಕಾರದವಳೇ ಇರಬೇಕು. ಮೆಟ್ಟಿಲು ಹತ್ತಿ ಅಭ್ಯಾಸ ಇಲ್ಲ" ಅಂದಳು.

ಕಾಫಿ ಕೊಟ್ಟು ಬಕ್ಲಾವದ ತಟ್ಟೆ ಮುಂದಿಟ್ಟಳು. "ತಿನ್ನು, ನಂಗೆ ಸಕ್ಕರೆ ಕಾಯಿಲೆ. ಕೆಳಗಿನ ಮನೆಯೋರು ನನ್ನ ತಮ್ಮೋಳು ಅಂದ್ಕೊಂಡಿದಾರೆ, ಮೇಲಿನೋರು ತಮ್ಮೋಳು ಅಂದ್ಕೊಂಡಿದಾರೆ. ಎರಡು ಕಡೆ ಹಬ್ಬಕ್ಕೂ ಸಿಹಿ ಬರತ್ತೆ. ಬೇಡ ಅನ್ನೋಕೆ ನಂಗೇನು ಹುಚ್ಚೇ?"

ಫೋಟೋ ಕೊಟ್ಟಳು. ಅದೀಬ್ ಬಂದರಿನ ಗೋಡೆ ಮೇಲೆ ನಿಂತಿದ್ದಾನೆ. ದೊಡ್ಡ ಮೂಗು, ಕೈಯಲ್ಲಿ ಛತ್ರಿ. ಛತ್ರಿ ಒಂದು ಕಡೆಗೆ ವಾಲಿದೆ, ಅವನ ಭುಜ ನೆನೆದಿದೆ. ಪಕ್ಕದಲ್ಲಿ ಯಾರೂ ಇಲ್ಲ.

"ಅವನು ಯಾವಾಗ್ಲೂ ಹಂಗೇ ಹಿಡೀತಿದ್ದ, ಮೂರ್ಖ" ಅಂದಳು.

ಆಮೇಲೆ ಒಂದು ಮಾತು ಕೇಳಿದಳು. ಅಣ್ಣನ ಗೋರಿಯ ಕಲ್ಲು ಖಾಲಿ ಇದೆ, ಹೆಸರು ಕೆತ್ತಿಸಬೇಕು, ಸರ್ಕಾರದಿಂದ ಏನಾದರೂ ತೊಂದರೆ ಆಗುತ್ತದಾ ಅಂತ. ಕಲ್ಲಿಗೂ ಅಂಚೆ ಇಲಾಖೆಗೂ ಏನು ಸಂಬಂಧ ಅಂದೆ. ಎದ್ದು ಬಾಗಿಲ ಚಿಲಕ ಹಾಕಿ ಬಂದಳು. ಆಮೇಲೆ ಹೇಳಿಬಿಟ್ಟಳು.

ಅವನು ಸತ್ತದ್ದು ಎಂಬತ್ತೇಳರ ಜನವರಿಯಲ್ಲಿ, ಗುಂಡು ತಗುಲಿ ಅಲ್ಲ, ಎದೆನೋವಿನಿಂದ. ಊರಿನ ದಾರಿ ಮುಚ್ಚಿತ್ತು. ಅವರ ಪಂಗಡದ ಸ್ಮಶಾನ ನಗರದ ಆ ಕಡೆ, ಮಧ್ಯದಲ್ಲಿ ಬಂದೂಕಿನವರು. ಎರಡು ದಿನ ಹೆಣ ಮನೆಯಲ್ಲೇ. ಕೊನೆಗೆ ಬೀದಿಯಾಚೆಯ ಸ್ಮಶಾನದ ಕಾವಲುಗಾರ ಅಬು ಫಾರೆಸ್ ಒಪ್ಪಿದನಂತೆ. ಅದು ಬೇರೆ ಪಂಗಡದ ಸ್ಮಶಾನ. ಬೆಳಕು ಹರಿಯುವ ಮೊದಲೇ ಹೂತರು, ಹೆಸರಿಲ್ಲದ ಕಲ್ಲು ಇಟ್ಟರು. ಗೊತ್ತಾದರೆ ಆ ಸ್ಮಶಾನದ ಧರ್ಮದರ್ಶಿಗಳು ಅವನನ್ನು ಹೊರಗೆ ಹಾಕುತ್ತಾರೆ, ಅಬು ಫಾರೆಸನ ಕೆಲಸವೂ ಹೋಗುತ್ತದೆ. ಅಲ್ಲಿ ಈಗ ಗೋರಿಗೆ ಜಾಗವಿಲ್ಲದೆ ಜನ ಸಾಲು ನಿಂತಿದ್ದಾರೆ.

ಹೀಗೆ ಅದೀಬ್ ಯಾವ ಪಂಗಡದವನು ಅಂತ ನನಗೆ ಗೊತ್ತಾಗಿಹೋಯಿತು. ಬೇಡವಾಗಿತ್ತು.

"ಚೀಟಿ ಹೊರಬರಲಿ, ಅಲ್ಲಿವರೆಗೆ ಕಲ್ಲಿನ ಸುದ್ದಿ ಎತ್ತಬೇಡಿ. ಮಾರ್ಚಿವರೆಗೆ ಕಾಯಿರಿ" ಅಂದೆ.

"ಕಾಯ್ತೀನಿ. ನೀನು ಬಾಯಿ ಬಿಡಬೇಡ" ಅಂದಳು.

ನವೆಂಬರ್ ೧೬, ಮಂಗಳವಾರ

ಬಿಸಿಗಾಳಿ, ದಕ್ಷಿಣದಿಂದ. ಎಲ್ಲರಿಗೂ ತಲೆನೋವು.

ಒಪ್ಪಿದ್ದು ಒಪ್ಪಿದ್ದೇ, ಆದರೆ ಒಬ್ಬರಿಗೂ ನಿದ್ದೆಯಿಲ್ಲ. ಮದಾಮ್ ಸುಆದ್ ಹಳೆಯ ರೇಡಿಯೋ ಧ್ವನಿಮುದ್ರಣ ತರಿಸಿ ಅವನ ಉಚ್ಚಾರ ಯಾವ ಬೆಟ್ಟದ್ದು ಅಂತ ಕೇಳುತ್ತಾ ಕೂತಿದ್ದಾರೆ. ಹಿಕ್ಮತ್ ಬೇ "ನನಗೇನೂ ಆಸಕ್ತಿ ಇಲ್ಲಪ್ಪ" ಅನ್ನುತ್ತಲೇ ಅವನು ಮಸೂರ್ ಬೇಳೆಯ ಅಡಿಗೆಗೆ ಅಕ್ಕಿ ಹಾಕುತ್ತಿದ್ದನೋ ಗೋಧಿ ನುಚ್ಚೋ ಅಂತ ರೇಡಿಯೋದವರನ್ನು ವಿಚಾರಿಸಿದ್ದಾರೆ, ಅದರಿಂದಲೂ ಪಂಗಡ ತಿಳಿಯುತ್ತದಂತೆ.

ಡಾಕ್ಟರ್ ವಜೀಹ್ ಎಲ್ಲರನ್ನೂ ಮೀರಿಸಿದರು. ಅದೀಬ್‌ನ ದವಡೆಹಲ್ಲು ಕಿತ್ತ ವೈದ್ಯನನ್ನು ಪತ್ತೆ ಮಾಡಿದ್ದಾರೆ!

"ಹಲ್ಲು ಕೀಳುವಾಗ ಮನುಷ್ಯ ಸುಳ್ಳು ಹೇಳಲ್ಲ ಮದಾಮ್. ನೋವಲ್ಲಿ ಅವರವರ ಕಡೆಯ ಪುಣ್ಯಪುರುಷರ ಹೆಸರೇ ಬಾಯಿಗೆ ಬರೋದು. ನನ್ನ ಅನುಭವದಲ್ಲಿ ಒಮ್ಮೆನೂ ತಪ್ಪಿಲ್ಲ."

"ಇವನು ಯಾರನ್ನ ಕೂಗಿದ?"

ಡಾಕ್ಟರ ಮುಖ ಇಳಿಯಿತು. "'ಅಯ್ಯೋ ನಿನ್ನ ಮನೆ ಹಾಳಾಗ' ಅಂದನಂತೆ. ವೈದ್ಯನಿಗೆ."

ನಾನು ನಕ್ಕೆ. ಆದರೆ ಗೊತ್ತಿರುವವಳು ನಾನೊಬ್ಬಳೇ. ಗುಟ್ಟು ನನ್ನ ಮುಖದಲ್ಲಿ ಕಾಣುತ್ತಿದೆಯೇನೋ ಅಂತ ಸಭೆಯುದ್ದಕ್ಕೂ ಕೆನ್ನೆ ಮುಟ್ಟಿಕೊಳ್ಳುತ್ತಿದ್ದೆ.

ನವೆಂಬರ್ ೩೦, ಮಂಗಳವಾರ

ಸನ್ನೀನ್ ಬೆಟ್ಟದ ತುದಿಯಲ್ಲಿ ಬಿಳಿ. ಕಚೇರಿ ಕಿಟಕಿಯಿಂದ ಕಾಣುತ್ತದೆ. ಇಷ್ಟು ವರ್ಷ ಗಮನಿಸಿರಲಿಲ್ಲ.

ಚಿತ್ರ ಬಂತು. ಎಂಥ ಚಿತ್ರ! ಬೂದು ನೀಲಿಯ ಆಕಾಶ, ಅವನ ಮೂಗು, ಒಂದು ಕಡೆಗೆ ವಾಲಿದ ಕಪ್ಪು ಛತ್ರಿ. ಕೆಳಗೆ ಅವನ ಹೆಸರು. ಹಿಕ್ಮತ್ ಬೇ ಸಹಿಗೆ ಪೆನ್ನು ತೆಗೆದರು. ಡಾಕ್ಟರ್ ವಜೀಹ್ "ಹೊಸ ವರ್ಷ ಕಳೀಲಿ, ಏನವಸರ" ಅಂದರು. ಪೆನ್ನು ಒಳಗೆ ಹೋಯಿತು.

ಏನವಸರವಂತೆ! ಮಾರ್ಚಿಗೆ ಇನ್ನೆಷ್ಟು ದಿನ ಇದೆ ಅಂತ ಇವರಿಗೇನು ಗೊತ್ತು. ಇವತ್ತು ಒತ್ತಡದ ಮಾತ್ರೆ ಎರಡು ನುಂಗಿದೆ.

ಡಿಸೆಂಬರ್ ೯, ಗುರುವಾರ

ಬೈರೂತಿನಲ್ಲಿ ಬಿಟ್ಟುಬಿಟ್ಟು ಮಳೆ. ಒಂದು ಕಡೆ ಉಪವಾಸ ಶುರು, ಇನ್ನೊಂದು ಕಡೆ ಬೀದಿಗೆ ದೀಪ ಕಟ್ಟುತ್ತಿದ್ದಾರೆ. ಎರಡರಿಂದಲೂ ವಾಹನಗಳು ಅಲ್ಲಾಡುತ್ತಿಲ್ಲ.

ಅಫೀಫಾ ಫೋನು ಮಾಡಿದಳು. "ನಿಮ್ಮ ಹಲ್ಲಿನ ಡಾಕ್ಟರು ಫೋನ್ ಮಾಡಿದ್ದ ಕಣೇ. 'ಅಮ್ಮಾ, ಉಪವಾಸ ಮಾಡ್ತಿದೀರಾ?' ಅಂತ ಎಷ್ಟು ನಯವಾಗಿ ಕೇಳ್ದ ಅಂತೀಯಾ. 'ಸಕ್ಕರೆ ಕಾಯಿಲೆ ಕಣಪ್ಪಾ, ಡಾಕ್ಟರು ಬಿಟ್ಟರೆ ತಾನೆ' ಅಂದೆ. ಫೋನಲ್ಲೇ ಹಲ್ಲು ಕಡ್ದ."

ಇಬ್ಬರೂ ನಕ್ಕೆವು. ಆಮೇಲೆ ಅವಳು, ನಗುತ್ತಿದ್ದ ದನಿಯಲ್ಲೇ, ಕಣ್ಣಿನ ಆಸ್ಪತ್ರೆಗೆ ಹೋಗಿಬಂದೆ ಅಂದಳು. ಬಲಗಣ್ಣು ಆಗಲೇ ಹೋಗಿದೆಯಂತೆ. ಎಡಗಣ್ಣೂ ಹೊರಟಿದೆ, ಸಕ್ಕರೆ ತಿಂದುಹಾಕಿದೆ, ಏನೂ ಮಾಡುವಂತಿಲ್ಲ.

"ಜುಮಾನಾ, ಮಾರ್ಚಿವರೆಗೆ ಅಂದಿದ್ಯಲ್ಲ. ಸ್ವಲ್ಪ ಹಿಂದೆ ಮುಂದೆ ಮಾಡೋಕಾಗತ್ತಾ? ಅವನ ಹೆಸರನ್ನ ಕಲ್ಲಿನ ಮೇಲೆ ನಾನೇ ಓದ್ಬೇಕು. ಬೇರೆಯೋರು ಓದಿ ಹೇಳಿದ್ದನ್ನ ಕೇಳಿದ್ರೆ ಆಗಲ್ಲ."

ಸಹಿ ಆಗಿಬಿಡಲಿ, ಇನ್ನು ಸ್ವಲ್ಪ ದಿನ ಅಂದೆ. ಇನ್ನೇನು ಹೇಳಲಿ? ಈಗ ಕಲ್ಲು ಎದ್ದರೆ ಎಲ್ಲ ಎದ್ದಂತೆ. ಚೀಟಿ ಅವಳ ಅಣ್ಣನದೇ ತಾನೆ, ನಾನೇನು ನನಗೆ ಕೇಳುತ್ತಿದ್ದೇನಾ?

ಕೇಳುತ್ತಿದ್ದೇನೆ. ಗೊತ್ತು.

ಡಿಸೆಂಬರ್ ೨೩, ಗುರುವಾರ

ಟ್ರಿಪೋಲಿ ಕಡೆ ಗುಡುಗು. ಬೆಟ್ಟದ ದಾರಿ ಹಿಮಕ್ಕೆ ಮುಚ್ಚಿದೆ. ಸಭೆ ಇಲ್ಲ. ಸಹಿ ಇಲ್ಲ. ಅಫೀಫಾಳ ಫೋನು ಬಂದರೆ ಎತ್ತಲಿಲ್ಲ.

ಜನವರಿ ೧೧, ೨೦೦೦, ಮಂಗಳವಾರ

ಕರಾವಳಿಗೆ ಜೋರು ಗಾಳಿ, ಬಿಕಾದಲ್ಲಿ ಹಿಮ.

ಎಲ್ಲ ಮುಗಿಯಿತು.

ಪ್ರತಿ ವರ್ಷ ಅದೀಬ್ ಸತ್ತ ದಿನದಂದು ಅಫೀಫಾ ಗೋರಿಗೆ ಹೋಗುತ್ತಾಳೆಂದು ಲೆಕ್ಕಹಾಕಿ ಡಾಕ್ಟರ್ ವಜೀಹ್ ಅವಳ ಹಿಂದೆ ಹೋಗಿದ್ದಾರೆ. ಅರವತ್ತು ದಾಟಿದ ಮನುಷ್ಯ, ಹೂವಿನಂಗಡಿ ಮರೆಯಲ್ಲಿ ನಿಂತು ಇಣುಕಿ ನೋಡಿದ್ದನ್ನು ಹೆಮ್ಮೆಯಿಂದ ಹೇಳಿದರು. ಅವಳು ಯಾವ ಗೇಟಿನೊಳಗೆ ಹೋದಳು, ಯಾವ ಕಲ್ಲಿನ ಮುಂದೆ ಕೂತಳು, ಎಲ್ಲ.

"ಮನುಷ್ಯ ಬದುಕಿದ್ದಾಗ ಎಲ್ಲಾದರೂ ಬಚ್ಚಿಟ್ಟುಕೊಳ್ಳಬಹುದು. ಸತ್ತ ಮೇಲೆ ತನ್ನವರ ನಡುವೆ ಮಲಗಲೇಬೇಕಲ್ಲ! ಅವನು ಮದಾಮ್ ಸುಆದ್ ಅವರ ಪೈಕಿ. ಇನ್ನು ಅನುಮಾನವೇ ಇಲ್ಲ."

ಮದಾಮ್ ಸುಆದ್ ಬಾಯಿ ಮುಚ್ಚಿಕೊಂಡರು. "ನಂಗೆ ಆ ದನಿ ಕೇಳಿದಾಗ್ಲೇ ಅನ್ನಿಸಿತ್ತು! ನಮ್ಮೋರೇ ಅಂತ ಅನ್ನಿಸಿತ್ತು!" ಕಣ್ಣಲ್ಲಿ ನೀರು. ಸುಳ್ಳು ನೀರಲ್ಲ, ನಿಜವಾದದ್ದೇ.

ಅಷ್ಟರಲ್ಲಿ ಉಳಿದವರ ಕಣ್ಣು ಒಣಗಿತ್ತು. ಹೋದ ಸಲದ ಚೀಟಿ ಅವರ ಪಂಗಡಕ್ಕೇ ಹೋಗಿತ್ತು. ಸತತ ಎರಡು ಸಲ ಕೊಡಲು ಬರುವುದಿಲ್ಲ. ಈ ಸಲ ಯಾರ ಸರದಿ ಎಂಬ ಮೂರು ವರ್ಷದ ಜಗಳ ಅರ್ಧ ಗಂಟೆಯಲ್ಲಿ ಬಗೆಹರಿಯಿತು, ಅದೀಬ್‌ನನ್ನು ಹೊರಗಿಡಬೇಕೆಂಬ ಒಂದೇ ಹುರುಪಿನಲ್ಲಿ.

ಆ ಸರದಿ ಯಾರದು ಗೊತ್ತಾ? ಅದೀಬ್ ನಿಜವಾಗಿ ಹುಟ್ಟಿದ ಪಂಗಡದ್ದು.

ಸಭೆ ಮುಗಿದ ಮೇಲೆ ಹಿಕ್ಮತ್ ಬೇ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದರು. "ಜುಮಾನಾ, ನೀನು ಆ ತಂಗಿ ಮನೆಗೆ ಹೋಗ್ತಾ ಬರ್ತಾ ಇದೀಯ. ಡಾಕ್ಟರು ತಪ್ಪು ತಿಳಿದಿರಬಹುದು. ಅವನು ಆ ಕಡೆಯೋನು ಅಲ್ಲ, ಸರದಿ ಬಂದಿರೋ ಈ ಕಡೆಯೋನು ಅಂತ ನೀನು ಒಂದು ಮಾತು ಹೇಳಿದ್ರೆ ನಾನು ನಿಂತಲ್ಲೇ ಸಹಿ ಮಾಡ್ತೀನಿ. ಮುಂದಿನ ಮಂಗಳವಾರ ಹೇಳು."

ಒಂದು ಮಾತು.

ಜನವರಿ ೧೨, ಬುಧವಾರ

ಗಾಳಿ. ಕಿಟಕಿ ಬಡಿಯುತ್ತಿದೆ, ಕೊಕ್ಕೆ ಹಾಕಿದರೂ.

ಹೇಳಿದರೆ ಚೀಟಿ ಬರುತ್ತದೆ. ಸುಳ್ಳನ್ನೂ ಹೇಳಬೇಕಾಗಿಲ್ಲ, ನಿಜ ಹೇಳಿದರೆ ಸಾಕು. ಇಡೀ ದೇಶ ಅವನ ಮುಖವನ್ನು ಲಕೋಟೆಗೆ ಅಂಟಿಸುತ್ತದೆ. ಹೇಳಿದರೆ ಗೋರಿ ಹೋಗುತ್ತದೆ, ಅಬು ಫಾರೆಸ್ ಬೀದಿಗೆ ಬೀಳುತ್ತಾನೆ. ಹೇಳದಿದ್ದರೆ ಗೋರಿ ಉಳಿಯುತ್ತದೆ, ಚೀಟಿ ಸಾಯುತ್ತದೆ, ನಾನು ಮಾರ್ಚಿನಲ್ಲಿ ಬರಿಗೈಯಲ್ಲಿ ಮನೆಗೆ.

ಮೂಳೆಗಳಿಗೆ ಎಲ್ಲಿದ್ದರೇನು? ತನ್ನ ಊರಿನಲ್ಲೇ ಮಲಗಲಿ, ದಾರಿ ಈಗ ತೆರೆದಿದೆ. ಹೀಗೂ ಯೋಚಿಸಿದೆ. ಬರೆದೂ ಇಟ್ಟಿದ್ದೇನೆ, ನೋಡು.

ಜನವರಿ ೧೪, ಶುಕ್ರವಾರ

ಟ್ರಿಪೋಲಿಯಲ್ಲಿ ಮಳೆ, ಬೈರೂತಿನಲ್ಲಿ ಮೋಡ, ಬೆಟ್ಟದಲ್ಲಿ ಹಿಮ, ದಕ್ಷಿಣದಲ್ಲಿ ಪರವಾಗಿಲ್ಲ.

ಅಫೀಫಾಳ ಬಳಿ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಕೋಟು ಹಾಕಿಕೊಂಡು "ಬಾ, ತೋರಿಸ್ತೀನಿ" ಅಂದಳು. ನನ್ನ ತೋಳು ಹಿಡಿದು ನಡೆದಳು. ಮೆಟ್ಟಿಲಿನ ತುದಿ ಅವಳಿಗೆ ಕಾಣುತ್ತಿಲ್ಲ, ಕಾಲಿಂದ ತಡವುತ್ತಾಳೆ. ಡಿಸೆಂಬರಿನಲ್ಲಿ ಹೀಗಿರಲಿಲ್ಲ.

ಸ್ಮಶಾನದ ಒಳಗೆ ಕಲ್ಲುಗಳು ಒಂದಕ್ಕೊಂದು ತಾಗಿಕೊಂಡಿವೆ. ಅಬು ಫಾರೆಸ್ ಗಿಡ ಕತ್ತರಿಸುತ್ತಿದ್ದ. ನನ್ನನ್ನು ನೋಡಿ ಅಂಜಿದ. "ನಮ್ಮೋಳು, ಹೆದರ್ಬೇಡ" ಅಂದಳು ಅಫೀಫಾ. ನಮ್ಮವಳು ಅಂದರೆ ಯಾವ ಕಡೆ ಲೆಕ್ಕ, ದೇವರೇ ಬಲ್ಲ.

ಅದೀಬ್‌ನ ಕಲ್ಲು ಗೋಡೆ ಪಕ್ಕ. ಎರಡು ಗೋರಿಗಳ ನಡುವೆ ಒಬ್ಬ ಅಡ್ಡಡ್ಡ ನುಗ್ಗಿ ಮಲಗಿದ ಹಾಗಿದೆ.

"ಜಾಗ ಎಲ್ಲಿತ್ತು ಇಲ್ಲಿ?" ಅಂತ ಕೇಳಿದೆ.

"ಇರಲಿಲ್ಲ" ಅಂದ ಅಬು ಫಾರೆಸ್. "ಈ ಎಡಗಡೆಯೋರು ನಮ್ಮಪ್ಪ, ಬಲಗಡೆ ನಮ್ಮಮ್ಮ. ಮಧ್ಯದ್ದು ನಂಗೆ ಅಂತ ಇಟ್ಕೊಂಡಿದ್ದೆ."

ಮೂರೂ ಕಲ್ಲುಗಳನ್ನು ಒಂದೊಂದಾಗಿ ನೋಡಿ ಕೇಳಿದೆ:

"ನೀನು ಎಲ್ಲಿ ಮಲಗ್ತೀಯ ಮಾರಾಯ?"

"ಅಯ್ಯೋ ಮದಾಮ್, ದಿನಾ ಬೆಳಿಗ್ಗೆ ಹೇಳ್ತಿದ್ನಲ್ಲ ಆ ಮಹಾರಾಯ, ಸರಿದು ಜಾಗ ಕೊಡಿ ಅಂತ. ಕೇಳೀ ಕೇಳೀ ತಲೆಗೆ ಹತ್ತಿಬಿಟ್ಟಿತ್ತು. ಬಾಗಿಲಿಗೆ ಬಂದಾಗ ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ." ಆಮೇಲೆ ದನಿ ತಗ್ಗಿಸಿದ. "ಈಗ ಧರ್ಮದರ್ಶಿಗಳೇ ಬಂದಿದ್ರು. ಹವಾಮಾನದ ಅದೀಬ್ ನಮ್ಮೋರಂತಲ್ಲ, ಕಲ್ಲಿಗೆ ಹೆಸರು ಯಾಕಿಲ್ಲ ಅಂತ ನನ್ನನ್ನೇ ಬೈದ್ರು. ಕೆತ್ತಿಸಿ ಅಂದಿದಾರೆ. ಆ ಹಲ್ಲಿನ ಡಾಕ್ಟರ ಬಾಯಿಗೆ ಸಕ್ಕರೆ ಹಾಕ್ಬೇಕು."

ಹದಿಮೂರು ವರ್ಷದ ಭಯ ಆ ಪೆದ್ದ ಡಾಕ್ಟರ ತಪ್ಪಿನಿಂದ ಕರಗಿಹೋಗಿದೆ. ನಾನು ತಿದ್ದದಿದ್ದರೆ ಮಾತ್ರ.

ವಾಪಸು ಬರುವಾಗ ಅಫೀಫಾ ಅಂದಳು, "ನಿನ್ನ ಬಾಯಿಗೆ ನಾನು ಬೀಗ ಹಾಕಲ್ಲ. ನಿನ್ನ ಚೀಟಿ, ನಿನ್ನ ನಾಲಿಗೆ. ಆದ್ರೆ ಏನ್ ಮಾಡಿದ್ರೂ ಬೇಗ ಮಾಡು. ಇವತ್ತು ನಿನ್ನ ಮೂಗು ಕಾಣ್ತಿದೆ, ಕಣ್ಣು ಕಾಣ್ತಿಲ್ಲ."

ಜನವರಿ ೧೮, ಮಂಗಳವಾರ

ಎಲ್ಲ ಕಡೆ ಬಿಸಿಲು, ಬೆಟ್ಟದ ನೆರಳಿನಲ್ಲಿ ಮಾತ್ರ ಹಿಮ ಉಳಿದಿದೆ.

ಹಿಕ್ಮತ್ ಬೇ ಎಲ್ಲರ ಮುಂದೆಯೇ ಕೇಳಿದರು. "ಹೇಳಮ್ಮ. ನಿಂಗೇನಾದರೂ ಗೊತ್ತಾ?"

ಬಾಯಿ ತೆರೆದೆ. ಆ ಪದ ನಾಲಿಗೆ ಮೇಲೇ ಕೂತಿತ್ತು, ನಿಜವಾದ ಪದ. ಅದೀಬ್‌ನ ಚಿತ್ರ ಮೇಜಿನ ಮೇಲಿತ್ತು. ಎಷ್ಟು ಚೆನ್ನಾಗಿತ್ತು! ನನಗೆ ಆ ಚೀಟಿ ಬೇಕಿತ್ತು, ಹೊಟ್ಟೆ ಹಸಿದ ಹಾಗೆ ಬೇಕಿತ್ತು.

"ಗೊತ್ತಿಲ್ಲ" ಅಂದೆ. "ಡಾಕ್ಟರು ಹೇಳಿದ್ದೇ ಸರಿ ಇರಬೇಕು."

ಡಾಕ್ಟರ್ ವಜೀಹ್ ಬೀಗಿದರು.

ಆಮೇಲೆ ಮನುಷ್ಯರ ಗೊಡವೆಯೇ ಬೇಡ ಎಂದಾಯಿತು. ಹಕ್ಕಿ ಅಂದರು. ಆ ಹಕ್ಕಿ ಹೆಚ್ಚಾಗಿ ಯಾರ ಬೆಟ್ಟದಲ್ಲಿ ಗೂಡು ಕಟ್ಟುತ್ತದೆ ಅಂತ ಡಾಕ್ಟರು ಕೇಳಿದರು. ಸೇಬು ಅಂದರು, ಸೇಬು ಬೆಳೆಯುವವರು ಯಾರು ಅಂತ ಎಲ್ಲರಿಗೂ ಗೊತ್ತು ಅಂದರು. ಮೀನು ಅಂದಾಗ ಹಿಕ್ಮತ್ ಬೇ ಮೇಜು ಗುದ್ದಿ, "ಯಾರಿಗೂ ಸೇರದ್ದು ಈ ದೇಶದಲ್ಲಿ ಒಂದಾದರೂ ಇದೆಯೇನ್ರೀ?" ಅಂತ ಕೂಗಿದರು.

ನಾನು ರಬ್ಬರು ತಗೊಂಡೆ. ಸೀಸದಕಡ್ಡಿಯ ಕರಡು ಪ್ರತಿ ನನ್ನ ಮುಂದಿತ್ತು. ಅವನ ಮೂಗು ಅಳಿಸಿದೆ, ಆಮೇಲೆ ಮುಖ, ಭುಜ, ಕೆಳಗಿನ ಹೆಸರು. ಎಲ್ಲರೂ ಬಗ್ಗಿ ನೋಡಿದರು. ಮೋಡವೂ ಛತ್ರಿಯೂ ಉಳಿದವು.

"ಛತ್ರಿ" ಅಂದೆ.

ಡಾಕ್ಟರ್ ವಜೀಹ್ ಬಹಳ ಹೊತ್ತು ಯೋಚಿಸಿದರು. ಛತ್ರಿಯ ಮೂಲ, ಛತ್ರಿಯ ಊರು, ಛತ್ರಿಯ ಅಜ್ಜಿ. ಏನೂ ಹೊಳೆಯಲಿಲ್ಲ. ಹಿಕ್ಮತ್ ಬೇ ಸಹಿ ಹಾಕಿದರು.

ಹೊರಗೆ ಬಂದಾಗ ಮದಾಮ್ ಸುಆದ್ ನನ್ನ ಕೈ ಒತ್ತಿದರು. "ಮುಖ ಅಳಿಸುವಾಗ ನೀನು ಕಣ್ಣು ಮುಚ್ಕೊಂಡಿದ್ದೆ" ಅಂದರು. ರಬ್ಬರಿನ ಪುಡಿ ಹಾರಿತು ಅಂದೆ.

ಫೆಬ್ರವರಿ ೩, ಗುರುವಾರ

ಬೆಳಿಗ್ಗೆ ಟ್ರಿಪೋಲಿಯಿಂದ ಟೈರ್‌ವರೆಗೆ ಮಂಜು, ಹತ್ತರ ನಂತರ ತಿಳಿಯಾಯಿತು.

ಕಲ್ಲು ಕೆತ್ತಿ ಆಯಿತು. ಮೇಲೆ ಯಾವ ಸಾಲು ಹಾಕಲಿ ಅಂತ ಕೆತ್ತುವವನು ಕೇಳಿದನಂತೆ, ಪ್ರತಿ ಪಂಗಡಕ್ಕೂ ಅದರದೇ ಸಾಲು ಇರುತ್ತದಲ್ಲ. ಏನೂ ಬೇಡ, ಹೆಸರು ಸಾಕು ಅಂದಿದ್ದಳು ಅಫೀಫಾ. ಅಕ್ಷರ ದೊಡ್ಡದಾಗಿರಲಿ ಅಂತ ನಾನು ಹೇಳಿದ್ದೆ. ಕಪ್ಪು ಬಣ್ಣವನ್ನೂ ತುಂಬಿಸಿದ್ದೆ.

ಅಫೀಫಾ ಕಲ್ಲಿಗೆ ಮುಖ ತಾಗುವಷ್ಟು ಬಗ್ಗಿದಳು. ಎಡಗಣ್ಣು ಹತ್ತಿರ ತಂದಳು, ದೂರ ಮಾಡಿದಳು, ಮತ್ತೆ ತಂದಳು. ಅಬು ಫಾರೆಸ್ ಬೇರೆ ಕಡೆ ತಿರುಗಿಕೊಂಡ.

"ಮೊದಲನೇ ಅಕ್ಷರ ಅಲಿಫ್, ಕಡ್ಡಿ ಹಾಗೆ ನೆಟ್ಟಗೆ ನಿಂತಿದೆ" ಅಂದಳು. "ಕಾಣ್ತಿದೆ. ಆಮೇಲಿನದ್ದೆಲ್ಲ ಮಂಜು." ಅಣ್ಣನ ದನಿಯನ್ನೇ ಅಣಕಿಸಿ, "ಕರಾವಳಿಯಲ್ಲಿ ಮಂಜು, ಮಧ್ಯಾಹ್ನದ ನಂತರವೂ ತಿಳಿಯಾಗುವ ಸೂಚನೆ ಇಲ್ಲ" ಅಂದು ನಕ್ಕಳು.

ನಾನು ನಗಲಿಲ್ಲ. ಡಿಸೆಂಬರಿನಲ್ಲಿ ಕೆತ್ತಿಸಿದ್ದರೆ ಅವಳು ಪೂರ್ತಿ ಓದುತ್ತಿದ್ದಳು. ಕಾಯಿರಿ ಅಂದವಳು ನಾನು. ಫೋನು ಎತ್ತದವಳು ನಾನು. ಅಲ್ಲೇ ಹೇಳಿದೆ, ಕ್ಷಮಿಸು ಅಂದೆ. "ನೀನೇ ಓದು, ಜೋರಾಗಿ" ಅಂದಳು. ಓದಿದೆ. ಇನ್ನೊಮ್ಮೆ ಅಂದಳು. ಇನ್ನೊಮ್ಮೆ ಓದಿದೆ.

ಮಾರ್ಚ್ ೨೦, ಸೋಮವಾರ

ಟ್ರಿಪೋಲಿಯಲ್ಲಿ ತುಂತುರು, ಬೈರೂತಿನಲ್ಲಿ ಮೋಡ ಹಾಗೂ ಎಳೆ ಬಿಸಿಲು, ಬೆಟ್ಟದಲ್ಲಿ ಹಿಮ ಕರಗುತ್ತಿದೆ, ಬಿಕಾದಲ್ಲಿ ಬಾದಾಮಿ ಹೂಬಿಟ್ಟಿದೆಯಂತೆ, ಸೈದಾದಲ್ಲಿ ಶಾಂತ ಸಮುದ್ರ, ಟೈರ್‌ನಲ್ಲಿ ಸಂಜೆಗೆ ಗಾಳಿ.

ಚೀಟಿ ಇವತ್ತು ಮಾರಾಟಕ್ಕೆ ಬಂತು. ನಿವೃತ್ತಿಗೆ ಮುಂಚೆ ಒಂದು ದಿನವಾದರೂ ನೋಡೋಣವೆಂದು ದೊಡ್ಡ ಅಂಚೆ ಕಚೇರಿಯ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ದಪ್ಪ ಮನುಷ್ಯ ಚೀಟಿಯನ್ನು ಕೈಯಲ್ಲಿ ಹಿಡಿದು ನೋಡಿದ, ತಿರುಗಿಸಿ ನೋಡಿದ. ಹಿಂದೆ ತಿರುಗಿ ಅಪರಿಚಿತಳಾದ ನನಗೆ ಹೇಳಿದ, "ನೋಡಿದ್ರಾ, ಇದು ಅದೀಬ್‌ನ ಛತ್ರಿ."

"ಹೆಸರು ಎಲ್ಲಿದೆ?" ಅಂದೆ.

"ಹೆಸರು ಯಾಕ್ ಬೇಕ್ರೀ? ವಾಲಿರೋದು ಕಾಣಲ್ವಾ?"

ಸಾಲಿನಲ್ಲಿದ್ದವರೆಲ್ಲ ಇಣುಕಿದರು. ಒಬ್ಬ ಮುದುಕ ಗಂಟಲು ಸರಿಮಾಡಿಕೊಂಡು ಟ್ರಿಪೋಲಿಯಿಂದ ಶುರುಮಾಡಿದ. ಬಾಗಿಲ ಬಳಿಯ ಹೆಂಗಸು ಟೈರ್‌ನಲ್ಲಿ ಮುಗಿಸಿದಳು.

ಎರಡು ಹಾಳೆ ಕೊಂಡು ನೇರ ಅಫೀಫಾಳ ಮನೆಗೆ ಹೋದೆ. ಮೆಟ್ಟಿಲು ಹತ್ತಿದ್ದೇ ಗೊತ್ತಾಗಲಿಲ್ಲ. ಒಂದು ಚೀಟಿ ಹರಿದು ಅವಳ ಅಂಗೈಯಲ್ಲಿಟ್ಟೆ. ಈಗ ಅವಳಿಗೆ ಬೆಳಕು ಕತ್ತಲೆ ಅಷ್ಟೇ ಗೊತ್ತಾಗುವುದು. ಚೀಟಿಯ ಅಂಚಿನ ಹಲ್ಲುಗಳನ್ನು ಉಗುರಿನಿಂದ ಮೀಟುತ್ತಾ ಕೂತಳು.

"ಏನಿದೆ ಇದರಲ್ಲಿ?"

"ಮೋಡ. ಒಂದು ಛತ್ರಿ."

"ನೆಟ್ಟಗಿದೆಯಾ?"

"ಇಲ್ಲ. ಒಂದು ಕಡೆಗೆ ವಾಲಿದೆ."

"ಕೆಳಗೆ ಯಾರಿದಾರೆ?"

"ಯಾರೂ ಇಲ್ಲ. ಜಾಗ ಇದೆ."

ಚೀಟಿಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಸೋಫಾದಲ್ಲಿ ಕೊಂಚ ಆಚೆ ಸರಿದು, ಪಕ್ಕವನ್ನು ಕೈಯಿಂದ ತಟ್ಟಿದಳು. ಹೋಗಿ ಕೂತೆ.